ಇಲ್ಲದ ಊರಿಗೊಂದು ಹೆಸರು

ಮೈಸೂರು–ಬೆಂಗಳೂರು ನಡುವೆ ಓಡಾಡುವ ರೈಲೊಂದಕ್ಕೆ 2011ರಲ್ಲಿ ‘ಮಾಲ್ಗುಡಿ ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟರು. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳ ಮೇಲೆ ಹಾಯುವ ಈ ಹಳಿಯ ಉದ್ದಕ್ಕೂ ಹುಡುಕಿದರೂ ಮಾಲ್ಗುಡಿ ಎಂಬ ನಿಲ್ದಾಣ ಸಿಗುವುದಿಲ್ಲ. ಆದರೆ ಆ ಹೆಸರನ್ನು ಕಂಡು ಇದೆಂಥ ಊರು, ಕೇಳಿಯೇ ಇಲ್ಲವಲ್ಲ ಎಂದು ಯಾರೂ ತಬ್ಬಿಬ್ಬಾಗಲಿಲ್ಲ. ಎಲ್ಲರಿಗೂ ಗೊತ್ತಿರುವ, ಯಾರೂ ಟಿಕೆಟ್ ಕೊಳ್ಳಲಾಗದ ಊರು ಅದು.

ಒಂದು ಸುಳ್ಳು ಹೆಸರು ಇಷ್ಟೊಂದು ಜನರಿಗೆ ನಿಜವೆನ್ನಿಸುವುದು ಹೇಗೆ? ಕಥೆ ಬರೆಯುವವರಿಗೆ ಮಾತ್ರ ಬೇಕಾದ ಪ್ರಶ್ನೆ ಇದೆಂದು ತೋರಬಹುದು. ಆದರೆ ಇದಕ್ಕೆ ಉತ್ತರ ಹುಡುಕುತ್ತ ಹೊರಟರೆ ನಮ್ಮ ನಿಜವಾದ ಊರು, ಬೀದಿ, ಶಾಲೆಗಳ ಹೆಸರುಗಳ ಒಳಗೇ ಇಳಿಯಬೇಕಾಗುತ್ತದೆ. ಅದಕ್ಕೆ ಮೈಸೂರಿಗಿಂತ ಒಳ್ಳೆಯ ಜಾಗ ಸಿಗಲಾರದು. ಮಾಲ್ಗುಡಿಯನ್ನು ಕಟ್ಟಿದ ಆರ್.ಕೆ. ನಾರಾಯಣ್ ತಮ್ಮ ಬಾಳಿನ ಬಹುಭಾಗವನ್ನು ಕಳೆದದ್ದು ಈ ಊರಿನಲ್ಲಿ.

ಮೊದಲು ಕಂಡದ್ದು ರೈಲು ನಿಲ್ದಾಣ

ಮಲ್ಲೇಶ್ವರದ ‘ಮಲ್’ ಮತ್ತು ಬಸವನಗುಡಿಯ ‘ಗುಡಿ’ ಸೇರಿ ಮಾಲ್ಗುಡಿ ಆಯಿತು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಬೆಂಗಳೂರಿನವರಿಗೆ ಪ್ರಿಯವಾದ ಕಥೆ ಇದು. ನಾರಾಯಣ್ ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ (1974) ಹೇಳಿಕೊಳ್ಳುವುದು ಬೇರೆ. 1930ರ ಸೆಪ್ಟೆಂಬರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು, ಬೆಂಗಳೂರಿನಲ್ಲಿ ಒಂದು ನೋಟ್‌ಬುಕ್ ಕೊಂಡು ಅವರು ಕಾದಂಬರಿ ಬರೆಯಲು ಕುಳಿತರು. ಏನು ಬರೆಯುವುದೆಂದು ಪೆನ್ನು ಕಚ್ಚುತ್ತ ಕುಳಿತಿದ್ದಾಗ ಪುಟ್ಟ ರೈಲು ನಿಲ್ದಾಣವೊಂದರ ಸಮೇತ ಮಾಲ್ಗುಡಿ ಕಣ್ಣಮುಂದೆ ಬಂತು ಎನ್ನುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆಂದು ನಾವು ನಗುತ್ತೇವೆ. ಇಲ್ಲಿ ಕಥೆಗಿಂತ ಮೊದಲೇ ಊರು ಹುಟ್ಟಿತು. ಆ ಪುಸ್ತಕವೇ ಗ್ರಹಾಂ ಗ್ರೀನ್ ಅವರ ನೆರವಿನಿಂದ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’.

ಹೆಸರು ತಾನಾಗಿ ಹೊಳೆಯಿತು ಎಂದ ಮಾತ್ರಕ್ಕೆ ಅದರಲ್ಲಿ ಲೆಕ್ಕಾಚಾರವೇ ಇಲ್ಲವೆಂದಲ್ಲ. ಕಿವಿಯಲ್ಲಿ ಮೊದಲೇ ತುಂಬಿಕೊಂಡದ್ದು ಬಾಯಿಗೆ ಬರುತ್ತದೆ, ಅಷ್ಟೆ. ನಾರಾಯಣ್ ಹುಟ್ಟಿದ್ದು ಮದರಾಸಿನಲ್ಲಿ, ಮನೆಮಾತು ತಮಿಳು, ಬೆಳೆದು ನಿಂತದ್ದು ಮೈಸೂರಿನಲ್ಲಿ. ‘ಮಾಲ್ಗುಡಿ’ಯನ್ನು ತಮಿಳಿನವರು ಕೇಳಿದರೆ ‘ಕುಡಿ’ ಎಂದರೆ ನೆಲಸಿದ ಜಾಗ. ಮನ್ನಾರ್ಗುಡಿ, ಕಾರೈಕುಡಿ, ಪರಮಕುಡಿಗಳ ಸಾಲಿನ ಊರು. ತಿರುಚಿರಾಪಳ್ಳಿಯ ಬಳಿಯ ಲಾಲ್ಗುಡಿಗೂ ಇದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ‘ಮಾಲ್’ ಎಂದರೆ ವಿಷ್ಣು. ಅದೇ ಹೆಸರನ್ನು ಕನ್ನಡದವರು ಕೇಳಿದರೆ ಗುಡಿ ಎಂದರೆ ದೇವಸ್ಥಾನ. ಬಸವನಗುಡಿಯ ಪಕ್ಕದಲ್ಲಿ ಇಟ್ಟರೆ ಹೊಂದಿಕೊಳ್ಳುತ್ತದೆ. ಎರಡು ಭಾಷೆಯವರೂ ಇದು ನಮ್ಮ ಕಡೆಯದೇ ಇರಬೇಕು ಎಂದುಕೊಳ್ಳುವ ಹೆಸರು. ಊರು ಎಲ್ಲಿದೆ ಎಂದು ಹೇಳದೆಯೇ ಅದು ದಕ್ಷಿಣ ಭಾರತದ್ದು ಎಂದು ಹೇಳಿಬಿಡುವ ಹೆಸರು.

ಕಣ್ಣೆದುರಿಗೇ ಮೈಸೂರು ಇದ್ದಾಗ ಬೇರೆ ಊರನ್ನು ಏಕೆ ಹುಟ್ಟಿಸಬೇಕಾಗಿತ್ತು? ನಾರಾಯಣರ ತಂದೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಮಗ ಓದಿದ್ದೂ ಅದೇ ಶಾಲೆಯಲ್ಲಿ. ‘ಸ್ವಾಮಿ’ಯಲ್ಲಿ ಬೆತ್ತ ಹಿಡಿದ ಮುಖ್ಯೋಪಾಧ್ಯಾಯರಿದ್ದಾರೆ, ಕ್ಲಾಸಿನಲ್ಲಿ ಕಿವಿ ಹಿಂಡುವ ಮೇಷ್ಟರಿದ್ದಾರೆ, ಶಾಲೆಯ ಕಿಟಕಿಗೆ ಕಲ್ಲೆಸೆಯುವ ಹುಡುಗರಿದ್ದಾರೆ. ಶಾಲೆಯ ನಿಜನಾಮ ಹಾಕಿದ್ದರೆ ಊರಿನ ಜನ ಕಾದಂಬರಿ ಓದುವುದನ್ನು ಬಿಟ್ಟು ಇವರು ಯಾರು, ಅವರು ಯಾರು ಎಂದು ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದರು. ಮುಖ್ಯೋಪಾಧ್ಯಾಯರ ಮೇಲಿನ ಒಂದೊಂದು ವಾಕ್ಯವನ್ನೂ ತಂದೆಯ ತಲೆಗೆ ಕಟ್ಟುತ್ತಿದ್ದರು. ನಿಜವಾದ ಊರಿನ ಹೆಸರು ಲೇಖಕನ ಕೈ ಕಟ್ಟುತ್ತದೆ. ಆ ಬೀದಿಯಲ್ಲಿ ಅಂಥ ಹೋಟೆಲಿರಲಿಲ್ಲ, ಆ ಕೆರೆಗೆ ಸೋಪಾನವಿಲ್ಲ ಎಂದು ತಿದ್ದುವವರು ಹುಟ್ಟುತ್ತಾರೆ. ಕಲ್ಪಿತ ಹೆಸರಿನ ಮೊದಲ ಕೆಲಸ ಬರೆಯುವವನಿಗೆ ಸ್ವಾತಂತ್ರ್ಯ, ಬರೆಸಿಕೊಂಡವನಿಗೆ ಮರೆ.

ಆದರೆ ಆ ಸ್ವಾತಂತ್ರ್ಯಕ್ಕೆ ಒಂದು ಷರತ್ತಿದೆ. ಹೆಸರು ಕೃತಕವೆನಿಸಿದರೆ ಓದುಗ ಮೊದಲ ಪುಟದಲ್ಲೇ ನಂಬಿಕೆ ಕಳೆದುಕೊಳ್ಳುತ್ತಾನೆ.

ಶಾಲೆಯ ಹೆಸರಿನೊಳಗೆ ಯಾರಿದ್ದಾರೆ?

ಸ್ವಾಮಿ ಓದುವುದು ಆಲ್ಬರ್ಟ್ ಮಿಷನ್ ಶಾಲೆಯಲ್ಲಿ. ಅಲ್ಲಿಂದ ಹೊರಬಿದ್ದ ಮೇಲೆ ಸೇರುವುದು ಬೋರ್ಡ್ ಹೈಸ್ಕೂಲಿಗೆ. ಎರಡೂ ಕಲ್ಪಿತ. ಎರಡರಲ್ಲೂ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಏಕೆಂದು ತಿಳಿಯಬೇಕಾದರೆ ಮೈಸೂರಿನ ಹಳೆಯ ಶಾಲೆಗಳ ಫಲಕಗಳನ್ನು ಓದಿಕೊಂಡು ಬರಬೇಕು.

ಅರಮನೆ ಕಟ್ಟಿಸಿದವು ಅರಮನೆಯ ಪದವಿಗಳನ್ನೇ ಹೊತ್ತಿವೆ: ಮಹಾರಾಜಾ, ಮಹಾರಾಣಿ, ಯುವರಾಜ. ಮಿಷನರಿಗಳು ತೆರೆದವು ಪಂಗಡದ ಹೆಸರನ್ನೋ ಪಾದ್ರಿ, ಸಂತರ ಹೆಸರನ್ನೋ ಇಟ್ಟುಕೊಂಡವು: ವೆಸ್ಲಿಯನ್, ಹಾರ್ಡ್ವಿಕ್, ಸಂತ ಫಿಲೋಮಿನಾ. ದಾನಿಗಳು ಸ್ಥಾಪಿಸಿದವು ದಾನಿಗಳ ಹೆಸರಿನಲ್ಲಿವೆ: 1876ರ ಮರಿಮಲ್ಲಪ್ಪನವರ ಶಾಲೆ, ಬನುಮಯ್ಯನವರ ಶಾಲೆ. ಊರಿನ ವಿದ್ಯಾಭಿಮಾನಿಗಳು ಕೂಡಿ ಕಟ್ಟಿದವುಗಳಲ್ಲಿ ಸಂಸ್ಕೃತದ ಆದರ್ಶವೋ ದೇವತೆಯೋ ಕಾಣುತ್ತದೆ: ಸದ್ವಿದ್ಯಾ ಪಾಠಶಾಲೆ, ಶಾರದಾ ವಿಲಾಸ. ಶಾಲೆಯ ಹೆಸರನ್ನು ಕೇಳಿದರೆ ಸಾಕು, ಹಣ ಎಲ್ಲಿಂದ ಬಂತು, ಯಾವ ಕಾಲದಲ್ಲಿ, ಯಾರ ಮಕ್ಕಳಿಗಾಗಿ ಎಂಬುದನ್ನು ಹೆಚ್ಚುಕಡಿಮೆ ಊಹಿಸಬಹುದು.

ಆಲ್ಬರ್ಟ್ ಮಿಷನ್ ಶಾಲೆಯನ್ನು ಈ ಸಾಲಿನಲ್ಲಿ ನಿಲ್ಲಿಸಿ ನೋಡಿ. ‘ಮಿಷನ್’ ಎಂದೊಡನೆ ಬೈಬಲ್ ಪಾಠವಿದೆ, ಅದನ್ನು ಕೇಳಿ ಕೆರಳುವ ಹಿಂದೂ ಹುಡುಗನಿದ್ದಾನೆ ಎಂದು ಕಥೆ ಅರ್ಧ ಬಿಚ್ಚಿಕೊಳ್ಳುತ್ತದೆ. ‘ಆಲ್ಬರ್ಟ್’ ಯಾರು ಎಂದು ಓದುಗ ಕೇಳುವುದಿಲ್ಲ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್. ಆಕೆಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ 1889ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದುಹೋಗಿದ್ದ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಅವನ ಹೆಸರಿನ ರಸ್ತೆಯೊಂದಿತ್ತು, ಈಗ ಅದು ಆಲೂರು ವೆಂಕಟರಾವ್ ರಸ್ತೆ. ಆ ಕಾಲದ ಕಿವಿಗೆ ಆಲ್ಬರ್ಟ್ ಎಂಬುದು ಕಟ್ಟಡದ ಮೇಲೆ, ರಸ್ತೆಯ ತುದಿಯಲ್ಲಿ ದಿನವೂ ಕಾಣುವಂಥ ಹೆಸರು. ನಾರಾಯಣ್ ಬಾಲ್ಯದಲ್ಲಿ ಮದರಾಸಿನ ಲೂಥರನ್ ಮಿಷನ್ ಶಾಲೆಯಲ್ಲಿ ಓದಿದವರು. ಪಂಗಡದ ಹೆಸರನ್ನು ತೆಗೆದು ಅಲ್ಲಿ ಒಂದು ರಾಜನಾಮ ಕೂರಿಸಿದರೆ ಶಾಲೆ ಯಾವುದೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ, ಎಂಥದ್ದೆಂದು ಮಾತ್ರ ಗೊತ್ತಾಗುತ್ತದೆ.

‘ಬೋರ್ಡ್ ಹೈಸ್ಕೂಲ್’ ಇನ್ನೂ ಜಾಣತನದ್ದು. ಮದರಾಸು ಆಧಿಪತ್ಯದಲ್ಲಿ ಜಿಲ್ಲಾ ಬೋರ್ಡುಗಳು ನಡೆಸುತ್ತಿದ್ದ ಶಾಲೆಗಳಿಗೆ ಜನ ಹಾಗೆಯೇ ಕರೆಯುತ್ತಿದ್ದರು. ನಮ್ಮ ಉಡುಪಿ, ಕುಂದಾಪುರಗಳಲ್ಲಿ ಬೋರ್ಡ್ ಹೈಸ್ಕೂಲು ಎಂದರೆ ಹಳಬರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಬಣ್ಣವಿಲ್ಲದ, ಸರ್ಕಾರಿ ವಾಸನೆಯ ಆ ಹೆಸರು ಮಿಷನ್ ಶಾಲೆಯ ಪಕ್ಕದಲ್ಲಿ ಬಂದಾಗ ಒಂದು ಊರಿನ ಶಿಕ್ಷಣದ ಇತಿಹಾಸವೇ ಎರಡು ಫಲಕಗಳಲ್ಲಿ ಮುಗಿಯುತ್ತದೆ.

ಹಾಗೆಯೇ ಆಲ್ಬರ್ಟ್ ಸಂಸ್ಥೆ ಬೆಳೆಯುತ್ತದೆ ಕೂಡ. ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ (1937) ಕಾದಂಬರಿಯ ಚಂದ್ರನ್ ಓದುವುದು ಆಲ್ಬರ್ಟ್ ಕಾಲೇಜಿನಲ್ಲಿ. ‘ದಿ ಇಂಗ್ಲಿಷ್ ಟೀಚರ್’ನ (1945) ಕೃಷ್ಣ ಪಾಠ ಹೇಳುವುದು ಆಲ್ಬರ್ಟ್ ಮಿಷನ್ ಕಾಲೇಜಿನಲ್ಲಿ. ಹೈಸ್ಕೂಲು ಮುಂದೆ ಕಾಲೇಜಾಗುವುದು ನಮ್ಮ ಊರುಗಳಲ್ಲಿ ನಿಜಕ್ಕೂ ನಡೆದ ಸಂಗತಿ.

ಅದೇ ‘ಸ್ವಾಮಿ’ಯಲ್ಲಿ ಹುಡುಗರೇ ಹೆಸರಿಡಲು ಕೂರುವ ಒಂದು ಸಂದರ್ಭವಿದೆ. ಕ್ರಿಕೆಟ್ ತಂಡ ಕಟ್ಟಿದ್ದಾರೆ, ಹೆಸರಿಲ್ಲ. ಒಂದೆರಡು ಭರ್ಜರಿ ಹೆಸರುಗಳನ್ನು ಕೈಬಿಟ್ಟು ಕೊನೆಗೆ ಎಂ.ಸಿ.ಸಿ. ಎಂದು ಗೊತ್ತುಮಾಡುತ್ತಾರೆ. ಲಂಡನ್ನಿನಲ್ಲಿ ಅದು ಮೆರಿಲಿಬೋನ್ ಕ್ರಿಕೆಟ್ ಕ್ಲಬ್. ಇಲ್ಲಿ ಮಾಲ್ಗುಡಿ ಕ್ರಿಕೆಟ್ ಕ್ಲಬ್. ಹೆಸರಿಟ್ಟುಕೊಂಡರೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕೇ ಎಂಬ ಭಯವೂ ಅವರಿಗೆ ಬರುತ್ತದೆ. ದೊಡ್ಡ ಹೆಸರಿನ ನೆರಳಿನಲ್ಲಿ ಚಿಕ್ಕದನ್ನು ನಿಲ್ಲಿಸುವ ಈ ಆಸೆ ನಮ್ಮ ಪ್ರತಿ ಮೊಹಲ್ಲಾದ ತಂಡಕ್ಕೂ, ಮೂಲೆಯ ಹೋಟೆಲಿಗೂ ಇದೆ. ಕಥೆಗಾರನು ಪಾತ್ರಗಳ ತಲೆಯೊಳಗೆ ಕುಳಿತು ಹೆಸರಿಟ್ಟರೆ ಹೆಸರು ತಪ್ಪುವುದಿಲ್ಲ. ‘ದಿ ಡಾರ್ಕ್ ರೂಂ’ (1938) ಕಾದಂಬರಿಯ ರಮಣಿ ಕೆಲಸ ಮಾಡುವ ‘ಇಂಗ್ಲಾಡಿಯಾ ಇನ್ಶೂರೆನ್ಸ್ ಕಂಪೆನಿ’ ಹುಟ್ಟಿದ್ದೂ ಹೀಗೆಯೇ ಇರಬೇಕು.

ಬೀದಿಗಳಿಗೆ ವಯಸ್ಸು

ಊರು ನಂಬುವಂತಾಗಲು ಒಂದು ಹೆಸರು ಸಾಲದು. ಊರೊಳಗಿನ ಹೆಸರುಗಳು ಒಂದೇ ಕಾಲದವಾಗಿರಬಾರದು. ನಿಜವಾದ ಊರುಗಳು ಪದರು ಪದರಾಗಿ ಬೆಳೆದಿರುತ್ತವೆ.

ಮೈಸೂರನ್ನೇ ನೋಡಿ. ಅಗ್ರಹಾರವೆಂದರೆ ಬ್ರಾಹ್ಮಣರಿಗೆ ದಾನ ಕೊಟ್ಟ ಕೇರಿ. ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾಗಳಲ್ಲಿ ದಂಡು ಮತ್ತು ವ್ಯಾಪಾರದ ನೆನಪು ಉರ್ದು ಮಾತಿನಲ್ಲಿ ಉಳಿದಿದೆ. ನಜರಬಾದ್ ಟಿಪ್ಪುವಿನ ಕಾಲದ ಹೆಸರು. ಒಂಟಿಕೊಪ್ಪಲು, ಪಡುವಾರಹಳ್ಳಿ, ಕುಕ್ಕರಹಳ್ಳಿಗಳು ನಗರ ನುಂಗಿದ ಹಳ್ಳಿಗಳು. ಪ್ಲೇಗು ಬಂದುಹೋದ ಮೇಲೆ 1903ರಲ್ಲಿ ನಗರ ಸುಧಾರಣೆಯ ಟ್ರಸ್ಟ್ ಬೋರ್ಡ್ ಹುಟ್ಟಿತು. ಅಂದಿನ ಹೊಸ ಬಡಾವಣೆಗಳ ಕಾಲದಲ್ಲಿ ಲಕ್ಷ್ಮೀಪುರಂ, ಚಾಮರಾಜಪುರಂ ಎಂಬ ‘ಪುರಂ’ಗಳು ಬಂದವು. ಸ್ವಾತಂತ್ರ್ಯದ ನಂತರ ‘ನಗರ’ಗಳ ಸರದಿ, ಕುವೆಂಪುನಗರ ಅಂಥದ್ದು. ಮೈಸೂರಿನ ಬಸ್ಸಿನಲ್ಲಿ ಅರ್ಧ ಗಂಟೆ ಕುಳಿತರೆ ಸ್ಟಾಪುಗಳ ಹೆಸರಿನಲ್ಲೇ ಮೂರು ಶತಮಾನ ದಾಟಬಹುದು.

ಮಾಲ್ಗುಡಿಯಲ್ಲೂ ಈ ಪದರುಗಳಿವೆ. ಕಬೀರ್ ಬೀದಿ, ವಿನಾಯಕ ಮುದಲಿ ಬೀದಿ, ಎಲ್ಲಮ್ಮನ ಬೀದಿ ಹಳೆಯವು. ನಡುವೆ ಹಾಯುವ ಮಾರ್ಕೆಟ್ ರಸ್ತೆ ವ್ಯಾಪಾರದ್ದು. ಉಳ್ಳವರು ಬಂಗಲೆ ಕಟ್ಟಿಕೊಂಡ ಲಾಲಿ ಎಕ್ಸ್‌ಟೆನ್ಷನ್ ಬ್ರಿಟಿಷರ ಕಾಲದ್ದು. ಇವನ್ನು ನಾರಾಯಣ್ ಒಂದು ಪುಸ್ತಕಕ್ಕೆ ಬಳಸಿ ಬಿಸಾಡಲಿಲ್ಲ. 1935ರ ‘ಸ್ವಾಮಿ’ಯಿಂದ 1990ರ ‘ದಿ ವರ್ಲ್ಡ್ ಆಫ್ ನಾಗರಾಜ್’ವರೆಗೆ ಐವತ್ತೈದು ವರ್ಷ ಅದೇ ಊರಿನಲ್ಲಿ ಓಡಾಡಿದರು. ಓದುಗನಿಗೆ ದಾರಿ ಗೊತ್ತಾಗುವಷ್ಟು ಸಲ ಅದೇ ತಿರುವು ಬಂದರೆ ಕಲ್ಪನೆ ಅಭ್ಯಾಸವಾಗಿಬಿಡುತ್ತದೆ. ಜೇಮ್ಸ್ ಫೆನೆಲಿ ಎಂಬ ವಿದ್ವಾಂಸರು ಕಾದಂಬರಿಗಳಿಂದ ಸುಳಿವು ಹೆಕ್ಕಿ ಮಾಲ್ಗುಡಿಯ ನಕ್ಷೆಯನ್ನೇ ಬರೆದರು.

ನದಿಗೆ ಸರಯೂ ಎಂದು ಹೆಸರು. ಅಯೋಧ್ಯೆಯ ಸರಯೂ ದಕ್ಷಿಣಕ್ಕೆ ಹೇಗೆ ಬಂತು? ‘ಮಿಸ್ಟರ್ ಸಂಪತ್’ ಕಾದಂಬರಿಯಲ್ಲಿ ಅದಕ್ಕೊಂದು ಪುರಾಣವಿದೆ. ಲಂಕೆಗೆ ಹೊರಟ ರಾಮ ಇಲ್ಲಿ ತಂಗಿದಾಗ ಬಾಣದಿಂದ ನೀರು ಚಿಮ್ಮಿಸಿದ. ನಮ್ಮ ಯಾವ ಹೊಳೆದಂಡೆಗೆ ಹೋದರೂ ಇಂಥದೊಂದು ಕಥೆಯನ್ನು ಪೂಜಾರಿ ಹೇಳುತ್ತಾನೆ. ರಾಮ ತಂಗದ, ಪಾಂಡವರು ಅಡಿಗೆ ಮಾಡದ ಊರು ಕರ್ನಾಟಕದಲ್ಲಿ ಎಷ್ಟಿವೆ? ಹಾಸನದಲ್ಲಿ ಹುಟ್ಟಿದ ರಾಜಾರಾವ್ ‘ಕಾಂತಾಪುರ’ದ (1938) ಮುನ್ನುಡಿಯಲ್ಲಿ ಸ್ಥಳಪುರಾಣವಿಲ್ಲದ ಹಳ್ಳಿಯೇ ಭಾರತದಲ್ಲಿಲ್ಲ ಎಂಬ ಅರ್ಥದ ಮಾತು ಬರೆದರು. ಅವರ ಕಾಂತಾಪುರ ಕಲ್ಪಿತ. ಅದನ್ನು ಕಾಯುವ ಕೆಂಚಮ್ಮ ಹಾಸನ ಸೀಮೆಯಲ್ಲಿ ಇಂದಿಗೂ ಪೂಜೆಗೊಳ್ಳುವ ದೇವತೆ. ಸುಳ್ಳು ಊರಿಗೆ ನಿಜವಾದ ದೇವರನ್ನು ಕಾವಲಿಟ್ಟಂತೆ.

ಬಾಲ ನೋಡಿ ಸೀಮೆ ಹೇಳಿ

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪರೀಕ್ಷೆಯಿದೆ. ನಮ್ಮ ಊರಿನ ಹೆಸರುಗಳ ಕೊನೆಯ ಭಾಗ ಸೀಮೆಯನ್ನು ಬಿಟ್ಟುಕೊಡುತ್ತದೆ. ‘ಹುಂಡಿ’ ಎಂದರೆ ಮೈಸೂರು, ಚಾಮರಾಜನಗರದ ಕಡೆ. ಸಿದ್ದರಾಮನಹುಂಡಿ ಎಲ್ಲರೂ ಬಲ್ಲ ಉದಾಹರಣೆ. ‘ಕೊಪ್ಪಲು’ ಮೈಸೂರು, ಮಂಡ್ಯ, ಹಾಸನದ್ದು. ದನದ ದೊಡ್ಡಿಯಿಂದ ಬಂದ ‘ದೊಡ್ಡಿ’ ಮಂಡ್ಯ, ರಾಮನಗರದಲ್ಲಿ ಹೆಚ್ಚು. ‘ಸಂದ್ರ’ ಬೆಂಗಳೂರು, ತುಮಕೂರು, ಕೋಲಾರದ ಬಯಲಿನದು. ಕೆರೆಯನ್ನು ಸಮುದ್ರವೆಂದು ಕರೆದವರು ಬೊಮ್ಮಸಂದ್ರ, ಸಿಂಗಸಂದ್ರಗಳನ್ನು ಬಿಟ್ಟುಹೋದರು. ಕುರಿಗಾಹಿಗಳ ‘ಹಟ್ಟಿ’ ಚಿತ್ರದುರ್ಗಕ್ಕೆ ಸಹಜ. ‘ಅಡ್ಕ’ ಕೇಳಿದರೆ ದಕ್ಷಿಣ ಕನ್ನಡ, ಕಾಸರಗೋಡು. ಬದಿಯಡ್ಕವನ್ನು ಬೀದರಿನಲ್ಲಿಟ್ಟರೆ ನಗು ಬರುತ್ತದೆ.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ನಡೆಯುವ ಊರು ರಾಮಸಂದ್ರ. ಕಥೆ ತಿಪಟೂರು ಸೀಮೆಯದು. ‘ಸಂದ್ರ’ ಅಲ್ಲಿಗೆ ಹೇಳಿ ಮಾಡಿಸಿದ ಬಾಲ. ರಾಮಸಂದ್ರ ಎಂದು ಕೇಳಿದಾಗಲೇ ಕೆರೆ ಏರಿ, ಹೊಲ, ಶ್ಯಾನುಭೋಗಿಕೆಯ ಲೆಕ್ಕದ ಪುಸ್ತಕ ಕಣ್ಣಿಗೆ ಬರುತ್ತವೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಕಾನು, ಅಂದರೆ ದಟ್ಟ ಕಾಡು, ಊರಿನ ಹೆಸರಿನೊಳಗೇ ಇದೆ. ಸುತ್ತಲಿನ ಮುತ್ತಳ್ಳಿ, ಸೀತೆಮನೆ, ಕೆಳಕಾನೂರುಗಳನ್ನೂ ಗಮನಿಸಿ. ಒಂಟಿಮನೆಗಳೇ ಊರಾಗಿರುವ ಮಲೆನಾಡಿನಲ್ಲಿ ‘ಮನೆ’ ಎಂದು ಕೊನೆಗೊಳ್ಳುವ ಹೆಸರು ಸಹಜ. ಮೇಲಿನ ಊರಿಗೆ ಕೆಳಗಿನ ಊರೊಂದು ಇರಲೇಬೇಕು. ಕಾದಂಬರಿಯ ಹೂವಯ್ಯ, ರಾಮಯ್ಯ ಮರಳುವುದು ಮಾತ್ರ ನಿಜವಾದ ಮೈಸೂರಿನಿಂದ. ದೂರದ ದೊಡ್ಡ ಊರು ನಿಜ, ಹತ್ತಿರದ ಚಿಕ್ಕ ಊರು ಕಲ್ಪಿತ. ಈ ಹದ ಅನೇಕ ಕಾದಂಬರಿಗಳಲ್ಲಿ ಕಾಣುತ್ತದೆ. ದೊಡ್ಡ ಊರು ಸಾಕ್ಷಿ ನುಡಿದರೆ ಚಿಕ್ಕ ಊರನ್ನು ಓದುಗ ಪ್ರಶ್ನಿಸುವುದಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ. ಮೈಸೂರು ಜಿಲ್ಲೆಯವರೇ ಆದ ಶ್ರೀಕೃಷ್ಣ ಆಲನಹಳ್ಳಿ ‘ಕಾಡು’ (1972) ಬರೆದಾಗ ಜಗಳಕ್ಕೆ ನಿಂತ ಎರಡು ಹಳ್ಳಿಗಳಿಗೆ ಕೊಪ್ಪಲು, ಹೊಸೂರು ಎಂದು ಹೆಸರಿಟ್ಟರು. ಈ ಸೀಮೆಯಲ್ಲಿ ಕೊಪ್ಪಲು ಎಷ್ಟು, ಹೊಸೂರು ಎಷ್ಟು ಎಂದು ಎಣಿಸಿದವರಿಲ್ಲ. ಎಲ್ಲರ ಊರೂ ಆದದ್ದು ಯಾರ ಊರೂ ಅಲ್ಲ. ರಕ್ತ ಹರಿಯುವ ಕಥೆಯಲ್ಲಿ ನಮ್ಮ ಊರನ್ನು ಕೆಡಿಸಿದರು ಎಂದು ದೂರಲು ಯಾರಿಗೂ ಅವಕಾಶವಾಗುವುದಿಲ್ಲ.

ಅರ್ಥವನ್ನು ಹೆಸರಿನಲ್ಲೇ ಹುದುಗಿಸುವವರು ಹೆಚ್ಚು ಅಪಾಯ ತೆಗೆದುಕೊಳ್ಳುತ್ತಾರೆ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಅಗ್ರಹಾರ ದೂರ್ವಾಸಪುರ. ಮುಂಗೋಪದ ಋಷಿಯ ಹೆಸರು. ಹೆಣ ಎತ್ತಲಾಗದೆ ಉರಿಯುವ ಊರಿಗೆ ತಕ್ಕುದು. ಸಂಕೇತ ಎದ್ದು ಕಾಣಬಹುದಿತ್ತು. ಆದರೆ ಋಷಿಯ ಹೆಸರಿಗೆ ‘ಪುರ’ ಸೇರಿಸುವುದು ಅಗ್ರಹಾರಗಳ ಹಳೆಯ ರೂಢಿ, ಪಕ್ಕದಲ್ಲಿ ತುಂಗೆ ಹರಿಯುತ್ತಾಳೆ, ಆಚೆ ಪಾರಿಜಾತಪುರವಿದೆ. ಆದ್ದರಿಂದ ದೂರ್ವಾಸಪುರ ಮೊದಲು ಊರಾಗಿ, ಆಮೇಲೆ ಸಂಕೇತವಾಗಿ ನಿಲ್ಲುತ್ತದೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ದ (1985) ಕೆಸರೂರು ಕೂಡ ಹಾಗೆಯೇ. ಮಳೆಗಾಲದ ಮಲೆನಾಡಿನ ಪೇಟೆಯನ್ನು ಕಂಡವರು ಅದನ್ನು ವ್ಯಂಗ್ಯವೆಂದುಕೊಳ್ಳುವ ಮೊದಲೇ ಪಂಚೆ ಎತ್ತಿ ಕಟ್ಟಿಕೊಳ್ಳುತ್ತಾರೆ. ಕಂಬಾರರ ಶಿವಾಪುರ ಕೃತಿಯಿಂದ ಕೃತಿಗೆ ಮರುಕಳಿಸುತ್ತ ಬೆಳಗಾವಿ ಸೀಮೆಯ ಮಾತನ್ನು ಹೊತ್ತು ತಂದಿತು.

ಹೊರಗಿನ ಜಗತ್ತಿನಲ್ಲೂ ಗುಟ್ಟು ಇದೇ. ಥಾಮಸ್ ಹಾರ್ಡಿ ತನ್ನ ಡಾರ್ಚೆಸ್ಟರ್ ಊರನ್ನು ಕ್ಯಾಸ್ಟರ್‌ಬ್ರಿಜ್ ಮಾಡಿದಾಗ ಬದಲಾದದ್ದು ಹೆಸರು, ಇಂಗ್ಲಿಷ್ ಊರುಗಳ ಜಾಯಮಾನವಲ್ಲ. ಅಮೆರಿಕದ ಫಾಕ್‌ನರ್ ಬಾಯಿಗೆ ಸುಲಭವಾಗಿ ಸಿಗದ ‘ಯಾಕ್ನಪಟಾಫ’ ಎಂಬ ಹೆಸರಿಟ್ಟಾಗ, ಆ ನೆಲದ ಮೂಲನಿವಾಸಿಗಳು ಹೊಳೆಗೆ ಇಟ್ಟಿದ್ದ ಹೆಸರನ್ನೇ ಮರಳಿ ಎತ್ತಿಕೊಂಡಿದ್ದ.

ಕಾಲ ತಪ್ಪಿದರೆ

ಸೀಮೆಯಂತೆಯೇ ಕಾಲವೂ ಹೆಸರಿನಲ್ಲಿ ಸಿಕ್ಕಿಬೀಳುತ್ತದೆ. ಇಂದಿನ ಚಾಮರಾಜನಗರ 1818ರವರೆಗೆ ಅರಿಕುಠಾರ. ಕೃಷ್ಣರಾಜನಗರಕ್ಕೆ ಹಿಂದೆ ಇದ್ದ ಊರು ಯಡತೊರೆ. ರಾಮನಗರವನ್ನು ಹಿರಿಯರು ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರು ಅದು. ನೂರೈವತ್ತು ವರ್ಷದ ಹಿಂದಿನ ಕಥೆ ಬರೆಯುವವರು ಇಂಥ ಕಡೆ ಎಡವಿದರೆ ಊರಿನ ಮುದುಕರು ಪುಸ್ತಕ ಮುಚ್ಚಿಬಿಡುತ್ತಾರೆ.

ಶಾಲೆಗಳದೂ ಇದೇ ಪಾಡು. 1940ರ ಕಥೆಯ ಹುಡುಗ ‘ಇಂಟರ್‌ನ್ಯಾಷನಲ್ ಸ್ಕೂಲ್’ಗೆ ಹೋಗಲಾರ. ಹಿಂದಿನವರು ದಾನಿಯನ್ನೋ ಶಾರದೆಯನ್ನೋ ನೆನೆದರು. ಆಮೇಲೆ ಇಂಗ್ಲಿಷ್ ಕಲಿಸುವ ಶಾಲೆಗಳೆಲ್ಲ ಜನರ ಬಾಯಲ್ಲಿ ‘ಕಾನ್ವೆಂಟು’ ಆದವು, ಅಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿ ಇರದಿದ್ದರೂ. ಇನ್ನೊಂದು ಮಾತು: ಫಲಕದ ಹೆಸರೇ ಬೇರೆ, ಬಾಯಿಯ ಹೆಸರೇ ಬೇರೆ. ಮೈಸೂರಿನ ಹುಡುಗ ‘ಮರಿಮಲ್ಲಪ್ಪದಲ್ಲಿ ಓದ್ತೀನಿ’ ಎನ್ನುತ್ತಾನೆಯೇ ಹೊರತು ಸಂಸ್ಥೆಯ ಪೂರ್ಣನಾಮವನ್ನು ಹೇಳುವುದಿಲ್ಲ. ಪಡುವಾರಹಳ್ಳಿ ಮಾತಿನಲ್ಲಿ ಪಡುವಾರಳ್ಳಿಯಾಗುತ್ತದೆ. ಕಥೆಯ ಊರಿಗೂ ಈ ಸವೆದ ರೂಪ ಬೇಕು. ಹೊಸದಾಗಿ ಕಟ್ಟಿದ ಹೆಸರನ್ನು ಬಸ್ 'ಕಂಡಕ್ಟರು ಕೂಗಿದರೆ ಹೇಗೆ ಕೇಳಿಸೀತು?' ಎಂದು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡರೆ ಸಾಕು. ಹುಸಿ ಇದ್ದರೆ ಅಲ್ಲೇ ಬಯಲಾಗುತ್ತದೆ.

ಹೆಸರು ಬದಲಾಯಿಸುವ ಉತ್ಸಾಹವನ್ನು ನಾರಾಯಣ್ ‘ಲಾಲಿ ರೋಡ್’ ಎಂಬ ಕಥೆಯಲ್ಲಿ ನಗುತ್ತ ನೋಡಿದ್ದಾರೆ. ಸ್ವಾತಂತ್ರ್ಯ ಬಂದ ಹುರುಪಿನಲ್ಲಿ ಮಾಲ್ಗುಡಿಯ ಪುರಸಭೆ ಬೀದಿ, ಉದ್ಯಾನಗಳ ಹೆಸರನ್ನೆಲ್ಲ ಬದಲಿಸುತ್ತದೆ. ಒಂದೇ ನಾಯಕನ ಹೆಸರಿಗೆ ಹಲವು ಕೇರಿಗಳು ಮುಗಿಬೀಳುತ್ತವೆ. ಕಾಗದಗಳು ದಾರಿ ತಪ್ಪುತ್ತವೆ. ತಾವಿರುವುದು ಎಲ್ಲಿ ಎಂದು ಜನರಿಗೇ ತಿಳಿಯದಾಗುತ್ತದೆ. ಕ್ರೂರಿ ಎಂದುಕೊಂಡು ಕಿತ್ತುಹಾಕಿದ ಲಾಲಿಯ ಪ್ರತಿಮೆ ಊರಿಗೆ ಉಪಕಾರ ಮಾಡಿದ ಇನ್ನೊಬ್ಬ ಲಾಲಿಯದೆಂದು ತಡವಾಗಿ ಗೊತ್ತಾಗುತ್ತದೆ. ಹೆಸರನ್ನು ಅಳಿಸುವವರು ಅದರೊಳಗೆ ಯಾರಿದ್ದರು ಎಂದು ಮೊದಲು ವಿಚಾರಿಸಬೇಕು ಎಂಬುದು ಆ ನಗೆಯ ಹಿಂದಿನ ಮಾತು.

ಮಾಲ್ಗುಡಿ ಎಲ್ಲಿದೆ?

ಈ ಪ್ರಶ್ನೆಗೆ ನಾರಾಯಣ್ 1982ರ ‘ಮಾಲ್ಗುಡಿ ಡೇಸ್’ ಸಂಕಲನದ ಮುನ್ನುಡಿಯಲ್ಲಿ ಉತ್ತರಿಸಿದ್ದಾರೆ. ಅದು ಕಲ್ಪಿತ, ಯಾವ ನಕ್ಷೆಯಲ್ಲೂ ಇಲ್ಲ; ಆದರೂ ಅದರ ಜನರನ್ನು ತಾವು ನ್ಯೂಯಾರ್ಕಿನ ಬೀದಿಯಲ್ಲೂ ಕಂಡಿರುವುದಾಗಿ ಹೇಳುತ್ತಾರೆ. ಹಾಗೆಂದು ಮಾಲ್ಗುಡಿಯನ್ನು ಎಲ್ಲಿ ಬೇಕಾದರೂ ಇಡಬಹುದು ಎಂದು ಅವರು ಒಪ್ಪಿರಲಿಲ್ಲ. ‘ದಿ ಗೈಡ್’ ಕಾದಂಬರಿ ಹಿಂದಿ ಚಿತ್ರವಾಗುವಾಗ (1965) ಬಂದವರಿಗೆ ಅವರು ಮೈಸೂರಿನ ಸುತ್ತಮುತ್ತಲ ಹೊಳೆದಂಡೆ, ಗುಡಿ, ಬೆಟ್ಟಗಳನ್ನು ತೋರಿಸಿದರು. ಚಿತ್ರೀಕರಣ ನಡೆದದ್ದು ರಾಜಸ್ಥಾನದ ಉದಯಪುರ, ಜೈಪುರಗಳಲ್ಲಿ. ಕಲ್ಪಿತ ಊರು ತಾನೆ, ಎಲ್ಲಿದ್ದರೇನು ಎಂಬ ವಾದ ಅವರಿಗೆ ಹಿಡಿಸಲಿಲ್ಲ. ಆ ಬಗ್ಗೆ ಬೇಸರದಿಂದ ಒಂದು ಪ್ರಬಂಧವನ್ನೇ ಬರೆದರು.

ಅದೇ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆಗುಂಬೆಯನ್ನು ಆರಿಸಿಕೊಂಡಾಗ ನೋಡುಗರು ಸಂತೋಷದಿಂದ ಒಪ್ಪಿದರು. ಬಿಡಿಸಿ ನೋಡಿದರೆ ಆಗುಂಬೆ ಮಳೆಕಾಡಿನ ಊರು. ಪುಸ್ತಕದ ಮಾಲ್ಗುಡಿ ಅಷ್ಟು ಹಸಿರಲ್ಲ. ಆದರೆ ಜಗಲಿ, ಹೆಂಚಿನ ಮಾಡು, ಬೀದಿಯಲ್ಲಿ ನಿಂತು ಮಾತಾಡುವ ಜನ ಆ ಹೆಸರಿಗೆ ಒಗ್ಗಿದರು. ಹೆಸರಿಗೆ ತನ್ನದೇ ಹವಾಮಾನವಿರುತ್ತದೆ. ಅದನ್ನು ಸ್ವಲ್ಪ ಸರಿಸಬಹುದು, ಪೂರ್ತಿ ಕೀಳಲಾಗದು.

ಕೆಲವೊಮ್ಮೆ ಕಲ್ಪನೆ ಮರಳಿ ನೆಲಕ್ಕಿಳಿಯುತ್ತದೆ. ಧಾರಾವಾಹಿಯಲ್ಲಿ ಕಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಕಟ್ಟಿಸಿದ ಮನೆಯನ್ನು 2011ರಲ್ಲಿ ಕೆಡವಲು ಹೊರಟಿದ್ದಾಗ ಉಳಿಸಿಕೊಂಡರು. 2016ರಲ್ಲಿ ಅದೂ ಸಂಗ್ರಹಾಲಯವಾಗಿ ತೆರೆಯಿತು. ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಹೊಸ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟದ್ದು 1960ರ ಸುಮಾರಿಗೆ. ಹಿಮಾಲಯದ ಎರಡು ತೀರ್ಥಗಳನ್ನು ನೆನಪಿಗೆ ತರುವ, ಅದಕ್ಕೆ ಮುಂಚೆ ಯಾವ ಊರಿಗೂ ಇರದಿದ್ದ ಆ ಹೆಸರು ಇಂದು ಸಿಟಿ ಬಸ್ಸಿನ ಫಲಕದಲ್ಲಿದೆ. ಒಬ್ಬ ಕವಿ ಕಟ್ಟಿದ ಪದವೆಂದು ಅಲ್ಲಿ ಇಳಿಯುವ ಹುಡುಗರಿಗೆ ಅನ್ನಿಸುವುದೇ ಇಲ್ಲ.

ಕಥೆಗಾರನಿಗೆ ಬೇಕಾದ ಹೆಸರಿನ ಸಾಮಾನೆಲ್ಲ ನಮ್ಮ ಸುತ್ತಲೇ ಬಿದ್ದಿದೆ: ಮರ, ಕೆರೆ, ದಾನಿ, ದೇವತೆ, ದಂಡು, ಸಂತೆ. ಆದರೆ ಅದು ಕರಗುತ್ತಿದೆ. ಹಳ್ಳಿಯ ಹೊಲಗಳು ಬಡಾವಣೆಗಳಾದಾಗ ಪ್ರತಿ ಹೊಲಕ್ಕೂ, ಕಟ್ಟೆಗೂ, ಕುಂಟೆಗೂ ಇದ್ದ ಹೆಸರು ಸರ್ವೆ ನಂಬರಿನಲ್ಲಿ ಮುಳುಗುತ್ತದೆ. ಅವು ಯಾವ ನಕ್ಷೆಯಲ್ಲೂ ಇಲ್ಲ, ಹಿರಿಯರ ಬಾಯಲ್ಲಿ ಮಾತ್ರ ಇವೆ. ಈ ಬೇಸಿಗೆ ರಜೆಯಲ್ಲಿ ಅಜ್ಜನ ಊರಿಗೆ ಹೋಗುವ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಆ ಹೆಸರುಗಳನ್ನು ಬರೆಸಿಕೊಂಡು ಬರಲು ಹೇಳಬಹುದು. ಮಾಲ್ಗುಡಿ ಹುಟ್ಟಿದ್ದೂ ಅಜ್ಜಿ ನೋಡಿಕೊಟ್ಟ ದಿನದಂದು ಕೊಂಡ ಒಂದು ನೋಟ್‌ಬುಕ್ಕಿನಲ್ಲೇ ತಾನೆ?